ಉದ್ದ ಬೆನ್ನಿನ ಫಿಯಾಟು

ಬನಹಟ್ಟಿಯ ಚರಿತ್ರೆಯನ್ನು ಬರೆಯುವವರು ಮುಂದೆ ಯಾರಾದರೂ ಹುಟ್ಟಿದರೆ, ಈ ವರ್ಷದ ಎಳ್ಳಮವಾಸ್ಯೆಯ ಬೆಳಿಗ್ಗೆ ನಡೆದ ಸಂಗತಿಗೆ ಅವರು ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು. ಅಂದು ನೂಲಿನ ವ್ಯಾಪಾರಿ ಗಿರಿಮಲ್ಲಪ್ಪ ಎದುರು ಮನೆಯ ಜ್ಞಾನೇಶ್ವರನನ್ನು ಕರೆದು ಚಹಾ ಕೊಟ್ಟ. ಅರ್ಧ ಕಪ್ಪಲ್ಲ, ತುಂಬಿದ ಕಪ್ಪು. ಜೊತೆಗೆ ಬಿಸ್ಕೀಟು.

ಹಾಲಿನ ಕೆಟಲಿ ಹಿಡಿದು ಹೊರಟಿದ್ದ ಜ್ಞಾನೇಶ್ವರ ಕಪ್ಪಿನೊಳಗೆ ಇಣುಕಿ ನೋಡಿದ. ಚಹಾದ ಹಾಗೆಯೇ ಕಾಣಿಸಿತು. ಮೂಸಿದ. ಶುಂಠಿ ಹಾಕಿದ್ದರು. ಅಲ್ಲಿಗೆ ಅವನ ಸಂಶಯ ಗಟ್ಟಿಯಾಯಿತು.

"ಕುಡಿಯೋ ಜ್ಞಾನೂ, ಆರಿ ಹೊಕ್ಕೈತಿ," ಎಂದ ಗಿರಿಮಲ್ಲಪ್ಪ. "ಮತ್ತ, ಗಾಡಿ ಹೆಂಗೈತಿ?"

"ಯಾವ ಗಾಡಿ, ಕಾಕಾ?"

"ನಿಂದ ಪಾ, ಆ ಉದ್ದಂದು."

ಜ್ಞಾನೇಶ್ವರನ ಕೈಯಲ್ಲಿದ್ದ ಬಿಸ್ಕೀಟು ಚಹಾದೊಳಗೆ ಮುರಿದು ಬಿತ್ತು. ಗಿರಿಮಲ್ಲಪ್ಪ ಅದನ್ನು ಈವರೆಗೆ ಕೋಳಿಗೂಡು ಎಂದಿದ್ದ, ಶವಪೆಟ್ಟಿಗೆ ಎಂದಿದ್ದ, ಒಮ್ಮೆ ಬೀಗರೆದುರಿಗೆ ‘ಚಕ್ರ ಇದ್ದ ಕಪಾಟು’ ಎಂದೂ ಪರಿಚಯಿಸಿದ್ದ. ‘ಗಾಡಿ’ ಎಂದದ್ದು ಇದೇ ಮೊದಲು.

ಜ್ಞಾನೇಶ್ವರ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ತೂಗುವ ಕಾಟಾದ ಗುಮಾಸ್ತ. ತೂಕ ಕಡಿಮೆ ಬರೆಯುತ್ತಾನೆಂದು ರೈತರಿಗೆ ಅವನ ಮೇಲೆ ಸಂಶಯ. ಕಬ್ಬಿನ ನಡುವೆ ಕಲ್ಲು ಇಟ್ಟು ತರುತ್ತಾರೆಂದು ಅವನಿಗೆ ರೈತರ ಮೇಲೆ ಸಂಶಯ. ಈ ಎರಡು ಸಂಶಯಗಳ ನಡುವೆ ಗಾಜಿನ ಕೋಣೆಯಲ್ಲಿ ಕೂತು ಕೂತು ಅವನ ಕಣ್ಣುಗಳು ಸದಾ ಅರ್ಧ ಮುಚ್ಚಿಕೊಂಡೇ ಇರುತ್ತಿದ್ದವು. ಯಾರು ಹೆಚ್ಚು ನಗುತ್ತಾರೋ ಅವರ ಟ್ರಾಲಿಯನ್ನು ಮೊದಲು ಕೆದಕಬೇಕು ಎಂಬುದು ಅವನು ಆ ಕೋಣೆಯಲ್ಲಿ ಕಂಡುಕೊಂಡ ಜೀವನದರ್ಶನ. ಗಿರಿಮಲ್ಲಪ್ಪ ಆ ಬೆಳಿಗ್ಗೆ ಒಂದೇ ಸಮ ನಗುತ್ತಿದ್ದ.

ಇನ್ನು ಗಾಡಿಯ ವಿಷಯ. ಅದು ಫಿಯಾಟು, ಆದರೆ ಎಲ್ಲರೂ ನೋಡಿರುವ ಫಿಯಾಟಲ್ಲ. ಡಿಕ್ಕಿ ಇರಬೇಕಾದ ಕಡೆ ಮಾಡು ಹಾಗೆಯೇ ನೇರ ಮುಂದುವರಿದು, ಬೆನ್ನು ಉದ್ದವಾಗಿ, ಕೊನೆಗೊಂದು ಬಾಗಿಲು. ಎಸ್ಟೇಟ್ ಗಾಡಿ ಎನ್ನುತ್ತಾರೆ. ಅಂಥವು ತಯಾರಾದದ್ದೇ ಕಡಿಮೆ. ಇದಂತೂ ಜಮಖಂಡಿಯ ಡಾಕ್ಟರೊಬ್ಬರು ಇಟ್ಟುಕೊಂಡಿದ್ದದ್ದು. ಓಟದ ಹುಚ್ಚಿನ ಆ ಡಾಕ್ಟರು ಕೊಲ್ಹಾಪುರದ ಮೇಸ್ತ್ರಿಯೊಬ್ಬನಿಂದ ಇಂಜಿನ್ನನ್ನು ಬಿಚ್ಚಿಸಿ, ತಿದ್ದಿಸಿ, ಒಂದು ಕಾರ್ಬೊರೇಟರ್ ಇದ್ದಲ್ಲಿ ಎರಡು ಕೂಡಿಸಿಕೊಂಡಿದ್ದರು. ರೋಗಿಗಳು ಸಾಯುವ ಮೊದಲೇ ಬಂದು ಮುಟ್ಟುವ ಡಾಕ್ಟರೆಂದು ಅವರಿಗೆ ಹೆಸರಿತ್ತು. ಅವರು ಕಾಲವಾದ ಮೇಲೆ ಗಾಡಿ ಕೈಯಿಂದ ಕೈಗೆ ಹೋಗಿ ಸಾವಳಗಿಯ ಹೊಲವೊಂದರಲ್ಲಿ ನಿಂತಿತು. ಅದರೊಳಗೆ ಕೋಳಿಗಳು ಸಂಸಾರ ಹೂಡಿದವು.

ಜ್ಞಾನೇಶ್ವರ ಅದನ್ನು ನೋಡಿದ್ದು ಅಲ್ಲಿಯೇ. ಬಾನೆಟ್ ಎತ್ತಿದಾಗ ಜೇಡರ ಬಲೆಯ ನಡುವೆ ಎರಡು ಕಾರ್ಬೊರೇಟರುಗಳು ಒಂದೇ ತೊಟ್ಟಿಲಿನ ಅವಳಿ ಕೂಸುಗಳ ಹಾಗೆ ಮಲಗಿದ್ದವು. ಅಂದಿನಿಂದ ಅವನ ರಜೆಗಳೆಲ್ಲ ಅದಕ್ಕೇ ಮುಡಿಪಾದವು. ಮುಧೋಳದಲ್ಲಿ ಟ್ರಾಲಿ ಕಟ್ಟುವ ವೆಲ್ಡರನ ಪಕ್ಕದಲ್ಲಿ ಕೂತು, ಅವನು ಇದನ್ನೂ ಟ್ರಾಲಿ ಮಾಡದಂತೆ ಕಾವಲು ಕಾದು ತಳ ಹಾಕಿಸಿದ. ಬಾಗಿಲಿನ ರಬ್ಬರಿಗೆ, ಹಿಂದಿನ ದೀಪಕ್ಕೆ ಮುಂಬೈಯ ಹಳೆ ಸಾಮಾನಿನ ಬಜಾರುಗಳನ್ನು ಅಲೆದ.

"ನನ್ನ ಹಲ್ಲ ನೋವಿಗೆ ಜಮಖಂಡಿಗೆ ಕರಕೊಂಡು ಹೋಗಾಕ ನಿಮಗ ಪುರಸೊತ್ತಿಲ್ಲ, ಅದರ ದೀಪಕ್ಕ ಮುಂಬೈತನಕ ಹೊಕ್ಕೀರಿ," ಎಂದು ಹೆಂಡತಿ ಸಂಧ್ಯಾ ಒಮ್ಮೆ ಅಂದಳು. ಹಲ್ಲಿನ ಡಾಕ್ಟರರು ಎಲ್ಲಾ ಊರಲ್ಲಿಯೂ ಸಿಗುತ್ತಾರೆ, ಆ ದೀಪ ಸಿಗುವುದಿಲ್ಲ ಎಂದು ಜ್ಞಾನೇಶ್ವರ ಉತ್ತರಿಸಿದ.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಸಿಗುವ ಕಾಲ ಈಗ ಬಂದಿತ್ತು. ಕೊಲ್ಹಾಪುರದ ಹಳೆ ಗಾಡಿಗಳ ಕ್ಲಬ್ಬೊಂದು ಚಳಿಗಾಲದಲ್ಲಿ ದೊಡ್ಡ ಪ್ರದರ್ಶನ ನಡೆಸುತ್ತದೆ. ಅವರು ಒಪ್ಪಿದರೆ ಮೈದಾನದಲ್ಲಿ ಫಿಯಾಟು ನಿಲ್ಲುತ್ತದೆ. ಅದರ ಮುಂದೆ ಜ್ಞಾನೇಶ್ವರನ ಹೆಸರಿನ ಫಲಕ ನಿಲ್ಲುತ್ತದೆ. ರಬಕವಿಯಿಂದ ಜಮಖಂಡಿಯವರೆಗೆ ಅವನನ್ನು ‘ಕೋಳಿಗೂಡಿನ ಜ್ಞಾನ್ಯಾ’ ಎಂದವರ ಬಾಯಿ ಮುಚ್ಚುತ್ತದೆ. ಒಪ್ಪದಿದ್ದರೆ ಆ ಹೆಸರು ಅವನೊಂದಿಗೇ ಮಣ್ಣಿಗೆ ಹೋಗುತ್ತದೆ. ಬರುವ ಭಾನುವಾರ ನೋಡಲು ಬರುತ್ತೇವೆಂದು ಕ್ಲಬ್ಬಿನವರು ಹೇಳಿಕಳಿಸಿದ್ದರು. ಅಲ್ಲಿಯವರೆಗೆ ಗಾಡಿಯ ಮೇಲೆ ನೊಣ ಕೂತರೂ ಅದರ ಹಿನ್ನೆಲೆ ವಿಚಾರಿಸಬೇಕೆಂದು ಅವನು ನಿಶ್ಚಯಿಸಿದ್ದ.

"ಗಾಡಿ ಛಲೋ ಐತಿ, ಕಾಕಾ. ಯಾಕ?"

"ಏನಿಲ್ಲ, ಹಂಗs ಕೇಳಿದೆ. ಇವತ್ತ ಚರಗಕ್ಕ ಹೋಗಬೇಕಲಾ? ನಮ್ಮ ಟ್ರ್ಯಾಕ್ಟರ್ ನೋಡಿದ್ರ ಕಬ್ಬಿಗೆ ಹೋಗೈತಿ. ಮಂದಿನ್ನ ಹೆಂಗ ಒಯ್ಯೂದು ಅಂತ ಚಿಂತಿ ಹತ್ತೈತಿ."

ವಿಷಯ ಹೊರಗೆ ಬಿತ್ತು. ಎಳ್ಳಮವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಅಡಿಗೆಯನ್ನು ಭೂಮಿತಾಯಿಗೆಂದು ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ, ಉಳಿದದ್ದನ್ನು ಕೂತು ಉಣ್ಣುವುದು ಪದ್ಧತಿ. ಜ್ಞಾನೇಶ್ವರನಿಗೆ ಹೊಲವಿಲ್ಲ. ಹೀಗಾಗಿ ಪ್ರತಿ ವರ್ಷ ಎರಡೂ ಮನೆಯವರು ಗಿರಿಮಲ್ಲಪ್ಪನ ಟ್ರಾಲಿಯಲ್ಲಿ ಕೂತು ಚಿಮ್ಮಡದ ಕಡೆಯ ಅವನ ಹೊಲಕ್ಕೆ ಹೋಗುತ್ತಿದ್ದರು.

ಜ್ಞಾನೇಶ್ವರ ಚಹಾ ಮುಗಿಸಿ, ಹಾಲಿಗೆ ಹೋಗುವವನಂತೆ ಹೊರಟು, ಹಿಂದಿನ ಓಣಿಯಿಂದ ಸುತ್ತು ಹಾಕಿದ. ಬೇವಿನ ಗಿಡದ ಕೆಳಗೆ ಗಿರಿಮಲ್ಲಪ್ಪನ ಟ್ರ್ಯಾಕ್ಟರು ಮೈ ತೊಳೆದುಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು, ಮದುಮಗನ ಹಾಗೆ ನಿಂತಿತ್ತು.

ಮನೆಗೆ ಬಂದರೆ ಗಿರಿಮಲ್ಲಪ್ಪನ ಮಗ ಬಸವಕುಮಾರ ಬಾಗಿಲಲ್ಲೇ ಇದ್ದ. "ಜ್ಞಾನಣ್ಣ, ಗಾಡ್ಯಾಗ ಪೆಟ್ರೋಲ್ ಐತಿಲ್ಲೊ? ಇಲ್ಲಂದ್ರ ನಾ ಹಾಕಿಸಿಕೊಂಡು ಬರತೇನಿ." ಬಸವಕುಮಾರ ಎಂದರೆ ಬೇರೆಯವರ ಬೈಕು ತೆಗೆದುಕೊಂಡು ಹೋಗಿ, ತಳ್ಳಿಕೊಂಡು ತಂದು ನಿಲ್ಲಿಸುವ ಮನುಷ್ಯ.

ಒಳಗೆ ಬಂದರೆ ಸಂಧ್ಯಾ, "ಎದುರು ಮನಿ ಮಾದೇವಿ ಕಾಕು ಶೇಂಗಾ ಹೋಳಿಗಿ ಕಳಿಸ್ಯಾರ್ರಿ. ಇವತ್ತ ಹೊಸಾ ಸೀರಿ ಉಟಗೊ, ಗಾಡಿ ಮುಂದ ನಿಂತ್ರ ಛಂದ ಕಾಣತೀ ಅಂದ್ರು," ಎಂದಳು.

"ಗಾಡಿ ಮುಂದ?" ಜ್ಞಾನೇಶ್ವರ ಹೋಳಿಗೆಯನ್ನು ಮುರಿದು ಒಳಗೆ ನೋಡಿದ. "ಇಡೀ ಮನಿತನ ಕೂಡಿ ಮಸಲತ್ತು ಮಾಡೈತಿ. ಅವರ ಹೊಲದ ಹಾದಿ ನೋಡೀಯಿಲ್ಲೊ? ಕಬ್ಬಿನ ಗಾಡಿ ಓಡ್ಯಾಡಿ ಬಾವಿ ಬಾವಿ ಆಗೈತಿ. ಭಾನುವಾರ ಕ್ಲಬ್ಬಿನವರ ಮುಂದ ಏನ ನಿಲ್ಲಸ್ಲಿ, ಬರೇ ಚಕ್ರಾನ?"

"ಒಲ್ಲೆ ಅಂತ ಬಾಯಿಲೆ ಹೇಳ್ರಿ. ಮುಗದ ಹೋತು."

"ಒಲ್ಲೆ ಅಂದ್ರ ಊರ ತುಂಬ ಹೇಳಿಕೊಂತ ಅಡ್ಡಾಡತಾರ. ಚಾಲೂ ಆಗಲಿಲ್ಲ ಅಂದ್ರ ಯಾರೂ ಏನೂ ಅನ್ನಂಗಿಲ್ಲ."

ಹಳೆ ಗಾಡಿ ಇಟ್ಟವರಿಗೆಲ್ಲ ಒಂದು ಉಪಾಯ ಗೊತ್ತಿರುತ್ತದೆ. ಇಂಜಿನ್ನಿನ ಪಕ್ಕದಲ್ಲಿ ಒಂದು ಮುಚ್ಚಳ, ಅದರ ಕೆಳಗೆ ರೋಟರ್ ಎಂಬ ಹೆಬ್ಬೆರಳಿನಷ್ಟು ಕರಿ ತುಂಡು. ಕಿಡಿಯನ್ನು ಹಂಚುವುದು ಅದೇ. ಅದನ್ನು ಕಿತ್ತುಕೊಂಡರೆ ಗಾಡಿ ನಿಜಕ್ಕೂ ಚಕ್ರ ಇದ್ದ ಕಪಾಟು. ಜ್ಞಾನೇಶ್ವರ ಅದನ್ನು ಕಿತ್ತು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ.

ಎಲ್ಲಿ ಇಡುವುದು? ಕಿಸೆಯಲ್ಲಿಟ್ಟರೆ ಗಿರಿಮಲ್ಲಪ್ಪ ತಬ್ಬಿಕೊಳ್ಳುವ ನೆಪದಲ್ಲಿ ತಡವಬಹುದು. ಕಪಾಟಿನಲ್ಲಿಟ್ಟರೆ ಸಂಧ್ಯಾ ಮನಸ್ಸು ಕರಗಿ ತೆಗೆದು ಕೊಟ್ಟುಬಿಡಬಹುದು. ಅಡಿಗೆ ಮನೆಗೆ ಹೋದ. ಬುಟ್ಟಿಯ ತುಂಬ ಸಜ್ಜೆ ಕಡುಬು ಆಗಲೇ ಬೆಂದು ಕೂತಿದ್ದವು. ಮೂಲೆಯಲ್ಲಿ, ಒದ್ದೆ ಅರಿವೆಯ ಕೆಳಗೆ, ಉಳಿದ ಹಿಟ್ಟಿನ ಮುದ್ದೆ. ಹಬ್ಬದ ದಿನ ಉಳಿದ ಹಿಟ್ಟನ್ನು ಸಂಜೆಯವರೆಗೆ ಯಾರು ಮುಟ್ಟುತ್ತಾರೆ? ರೋಟರನ್ನು ಅದರ ಹೊಟ್ಟೆಯೊಳಗೆ ಒತ್ತಿ, ಅರಿವೆ ಮುಚ್ಚಿ, ಜ್ಞಾನೇಶ್ವರ ಹೊರಗೆ ಬಂದು ಗಾಡಿಯ ಮುಂದೆ ದುಃಖದ ಮುಖ ಮಾಡಿಕೊಂಡು ನಿಂತ.

ಗಿರಿಮಲ್ಲಪ್ಪನ ಪರಿವಾರ ಬುಟ್ಟಿಗಳ ಸಮೇತ ಬಂದಿತು. ಅವರ ಜೊತೆಗೆ ಪರಿಚಯವಿಲ್ಲದ ಒಬ್ಬ ಹೆಣ್ಣುಮಗಳು, ಇಳಕಲ್ ಸೀರೆಯಲ್ಲಿ, ತಲೆಯ ಮೇಲೆ ರೊಟ್ಟಿಯ ಗಂಟು ಹೊತ್ತು ನಗುತ್ತ ನಿಂತಿದ್ದಳು.

"ಇಕಿ ಮನೀಷಾ. ಇಚಲಕರಂಜಿಯ ನಮ್ಮ ನೂಲಿನ ವ್ಯಾಪಾರಿ ಮಗಳು," ಎಂದ ಗಿರಿಮಲ್ಲಪ್ಪ. "ಚರಗಾ ನೋಡೇ ಇಲ್ಲಂತ. ಬಾರವ್ವಾ ಅಂದೆ. ಹೂಂ, ತಗೀ ಜ್ಞಾನೂ ಬಾಗಲಾ. ಎಲ್ಲಾರೂ ಕುಂತ ಹೋಗೂಣು."

ಜ್ಞಾನೇಶ್ವರ ಒಳಗೆ ಕೂತು ಕೀಲಿ ತಿರುಗಿಸಿದ. ಇಂಜಿನ್ನು ಮುದುಕರ ಕೆಮ್ಮಿನ ಹಾಗೆ ಕರಕರ ಎಂದು ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿ, ಇನ್ನೊಮ್ಮೆ ಕೆಮ್ಮಿಸಿ, ಇಳಿದ.

"ಚಾಲೂ ಆಗವಲ್ದು, ಕಾಕಾ."

"ನಿನ್ನೆ ಸಂಜಿಕೆ ಚಾಲೂ ಇತ್ತಲೊ! ನಾನs ಕೇಳೇನಿ."

ಜ್ಞಾನೇಶ್ವರ ಇದನ್ನು ನಿರೀಕ್ಷಿಸಿರಲಿಲ್ಲ. ಒಂದು ಸುಳ್ಳು ಸಾಲದಾಯಿತು. "ನಿನ್ನೆ ಚಾಲೂ ಆಗಿದ್ದs ದೊಡ್ಡದು. ಖರೆ ಹೇಳಬೇಕಂದ್ರ ಇಂಜಿನ್ನs ಇದರದಲ್ಲ. ಪಂಪಸೆಟ್ಟಿಂದು ಕೂಡಿಸೇನಿ."

"ಹೌದೇನ್ರಿ?" ಎಂದಳು ಮನೀಷಾ, ಗಂಟು ಕೆಳಗಿಳಿಸಿ.

ಗಿರಿಮಲ್ಲಪ್ಪ ಜೋರಾಗಿ ಕೆಮ್ಮಿದ. "ಚ್ಯಾಷ್ಟಿ ಮಾಡತಾನವ್ವಾ ಇಂವ. ಲೇ ಜ್ಞಾನೂ, ಎರಡ ಕಾರ್ಬೊರೇಟರ್ ಅದಾವ, ಇಂಥಾದ ಇನ್ನೊಂದಿಲ್ಲ ಅಂತ ದಿನಾ ನನ್ನ ತಲಿ ತಿಂತಿದ್ದೆಲಾ?"

"ಒಂದು ಬರೇ ಖಾಲಿ ಡಬ್ಬಿ, ಕಾಕಾ. ನೋಡವರಿಗೆ ಇರ್ಲಿ ಅಂತ ಕೂಡಿಸಿದ್ದು."

"ಮನಿ ಮಂದೀನ್ನ ಕೂಡಿಸಿಕೊಂಡು ಅಡ್ಡಾಡತಾನ ನೋಡವ್ವಾ, ಇಡೀ ಓಣಿಗೆ ಉಪಯೋಗ ಆಗೈತಿ..."

"ತಂದಾಗಿಂದ ಒಬ್ಬರೂ ಇದರಾಗ ಕುಂತಿಲ್ಲ," ಎಂದ ಜ್ಞಾನೇಶ್ವರ. "ಕುಂತ್ರ ತಳಾ ಕಿತ್ತು ಬೀಳತೈತಿ. ಬರೇ ಬಣ್ಣ ಹಚ್ಚಿ ನಿಲ್ಲಿಸೇನಿ."

ಗಿರಿಮಲ್ಲಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಬೆವರು ಒರೆಸಿಕೊಂಡ. ಚಳಿಗಾಲದ ಬೆಳಗು. ಬಸವಕುಮಾರ ಕಣ್ಣು ಹೊಡೆಯುತ್ತಿದ್ದ, ಹುಬ್ಬು ಹಾರಿಸುತ್ತಿದ್ದ. ಮೋಸ ಫಲಿಸದಾಗ ಮನುಷ್ಯನ ಮುಖ ಹೀಗೆಯೇ ಕುಣಿಯುತ್ತದೆ ಎಂದು ಜ್ಞಾನೇಶ್ವರ ತೃಪ್ತಿಪಟ್ಟ.

"ಹೊರಗಿನವರ ಮುಂದ ವಿಚಾರ ಮಾಡಿ ಮಾತಾಡೊ, ಮಬ್ಬಾ," ಎಂದು ಗಿರಿಮಲ್ಲಪ್ಪ ಅವನ ಕಿವಿಯಲ್ಲಿ ಅಂದ.

"ಖರೆ ಮಾತಿಗೆ ಒಳಗ ಹೊರಗ ಎಲ್ಲಿದು, ಕಾಕಾ? ಅಂದಂಗ, ಕಬ್ಬಿಗೆ ಹೋದ ಟ್ರ್ಯಾಕ್ಟರು ಹೂವಿನ ಮಾಲಿ ಹಾಕ್ಕೊಂಡು ತಿರುಗಿ ಬಂದಂಗ ಕಾಣತೈತಿ. ಬೇವಿನ ಗಿಡದ ಬುಡಕ ನೋಡಿದೆ."

ಗಿರಿಮಲ್ಲಪ್ಪ ಮಗನಿಗೆ ಸನ್ನೆ ಮಾಡಿದ. ಟ್ರ್ಯಾಕ್ಟರು ಬಂದಿತು. ಎಲ್ಲರೂ ಟ್ರಾಲಿ ಹತ್ತಿದರು. ಗೆದ್ದ ಜ್ಞಾನೇಶ್ವರ ಬುಟ್ಟಿಗಳ ನಡುವೆ ಕಾಲು ಚಾಚಿ ಕೂತ. ಟ್ರಾಲಿ ಚಿಮ್ಮಡದ ಹಾದಿಗೆ ತಿರುಗುವಾಗ ಅವನ ತಾಯಿ ಕೆಂಪವ್ವ ಮಾದೇವಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಹೊರಗಿನವರು ಬೇರೆ ಬಂದಾರಂತ ಗೊತ್ತಾತಲ್ಲವಾ, ಕಡಿಮಿ ಬಿದ್ದಾವು ಅಂತ ಟ್ರ್ಯಾಕ್ಟರ್ ಬರೂದ್ರಾಗ ಉಳದ ಹಿಟ್ಟಿಂದೂ ಕಡಬ ಮಾಡಿ ಕುದಿಸಿ ಹಾಕ್ಕೊಂಡ ಬಂದೇನಿ. ಕಣ್ಣಿಗೆ ಪೊರಿ ಬಂದೈತಿ, ಆದ್ರ ಕೈ ಇನ್ನೂ ಗಟ್ಟಿ ಅದಾವ."

ಜ್ಞಾನೇಶ್ವರನ ಎದೆ ಬ್ರೇಕು ಹರಿದ ಟ್ರಾಲಿಯ ಹಾಗೆ ಹಿಂದಕ್ಕೆ ಹೊರಟಿತು.

"ಯವ್ವಾ, ಕಡಬಿನ ಬುಟ್ಟಿ ಎಲ್ಲೈತಿ?"

"ನನ್ನ ತೊಡಿ ಮ್ಯಾಲೈತಿ. ಯಾಕ?"

"ಒಂದೀಟ ನೋಡತೇನಿ, ಕೊಡು."

"ಕೈ ತಗೀಲೇ! ಭೂಮ್ತಾಯಿಗೆ ಎಡಿ ಆಗೂದ್ರಾಗs ಇವಂಗ ಹಸಿವಿ. ಸಣ್ಣಾಂವ ಇದ್ದಾಗ ಹಿಂಗs, ಈಗೂ ಹಿಂಗs."

ಹೊಲ ಬಂದಿತು. ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪೂಜೆ ಮಾಡಿ, ಎಡೆ ಹಿಡಿದರು. ಆಮೇಲೆ ಗಿರಿಮಲ್ಲಪ್ಪ ದೊಡ್ಡ ಬೋಗುಣಿಯಲ್ಲಿ ರೊಟ್ಟಿ, ಪಲ್ಯ, ಅನ್ನ, ಕಡುಬು ಎಲ್ಲವನ್ನೂ ತುಂಬಿಕೊಂಡು ಜೋಳದ ಬೆಳೆಯೊಳಗೆ ಇಳಿದು ಎರಚತೊಡಗಿದ.

"ಹುಲ್ಲುಲ್ಲಿಗೋ!" ಎಂದು ಅವನು ಚರಗದ ಕೂಗು ಹಾಕಿದರೆ, "ಚಲ್ಲಂಬರಿಗೋ!" ಎಂದು ಹಿಂದೆ ನೀರು ಚಿಮುಕಿಸುತ್ತ ಬಂದ ಬಸವಕುಮಾರ ಕೂಗುತ್ತಿದ್ದ. ಬಸವಕುಮಾರನ ಹಿಂದೆ ಜ್ಞಾನೇಶ್ವರ ಮೊಣಕಾಲೂರಿ ಕರಿ ಮಣ್ಣಿನಲ್ಲಿ ತೆವಳುತ್ತಿದ್ದ. ಬಿದ್ದ ಒಂದೊಂದು ಕಡುಬನ್ನೂ ಎತ್ತಿ, ಅಂಗೈಯಲ್ಲಿ ತೂಗಿ ನೋಡಿ, ಮುರಿದು, ಒಳಗೆ ಇಣುಕಿ ಬಿಸಾಡುತ್ತಿದ್ದ. ಕಾಟಾದ ಮೇಲೆ ಲಾರಿಯ ತೂಕವನ್ನೇ ಕಣ್ಣಳತೆಯಲ್ಲಿ ಹೇಳುವವನು ಇಲ್ಲಿ ಸೋತ. ಕೆಂಪವ್ವನ ಮುಷ್ಟಿಯ ಅಳತೆ ಅಷ್ಟು ಕರಾರುವಾಕ್ಕಾಗಿತ್ತು.

ಗಿರಿಮಲ್ಲಪ್ಪ ತಿರುಗಿ ನೋಡಿ ಬೋಗುಣಿಯನ್ನು ಎದೆಗವಚಿಕೊಂಡ. "ಭೂಮ್ತಾಯಿಗೆ ಕೊಟ್ಟಿದ್ದ ಹೆಕ್ಕಿ ತಿಂತೀಯೇನೋ, ಮಾರಾಯಾ?"

"ತಿನ್ನಾಕತ್ತಿಲ್ಲ ಕಾಕಾ, ನೋಡಾಕತ್ತೇನಿ."

"ಏನ ನೋಡತೀ?"

"ಬೆಂದಾವೋ ಇಲ್ಲೋ ಅಂತ."

"ಸಂಧ್ಯಾ," ಎಂದು ಗಿಡದ ಕೆಳಗಿನಿಂದ ಮಾದೇವಿ ಕೇಳಿದಳು, "ಮನ್ಯಾಗ ಊಟಕ್ಕ ಹಾಕತೀ ಇಲ್ಲವಾ ಇವಂಗ?" ಸಂಧ್ಯಾ ಹೊಸ ಸೀರೆಯ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಚೆಲ್ಲಿದ್ದರಲ್ಲಿ ರೋಟರ್ ಸಿಗಲಿಲ್ಲ. ಉಳಿದ ಕಡುಬುಗಳು ಎಲೆಯ ಮೇಲೆ ಬಂದವು. ಜ್ಞಾನೇಶ್ವರ ಉಣ್ಣದೆ ಎಲ್ಲರ ದವಡೆಗಳನ್ನು ಒಂದೊಂದಾಗಿ ನೋಡುತ್ತ ಕೂತ. ಬಸವಕುಮಾರನಂತೂ ಅಗಿಯದೇ ನುಂಗುವವನು. ಅವನು ಒಂದೊಂದು ಕಡುಬು ಎತ್ತಿದಾಗಲೂ ಜ್ಞಾನೇಶ್ವರನ ಪ್ರಾಣ ಅದರೊಂದಿಗೆ ಮೇಲೆ ಹೋಗಿ, ಗಂಟಲಿನವರೆಗೆ ಇಳಿದು ಬರುತ್ತಿತ್ತು.

ಕಟಕ್ ಎಂಬ ಸದ್ದಾಯಿತು.

"ಹರಳ ಬಂತೇನವ್ವಾ?" ಎಂದಳು ಕೆಂಪವ್ವ.

ಮನೀಷಾ ಬಾಯಿಯಿಂದ ಏನನ್ನೋ ತೆಗೆದಳು. ಪ್ಲಾಸ್ಟಿಕ್ ಬಿಚ್ಚಿದಳು. ತಂಬಿಗೆಯ ನೀರಿನಲ್ಲಿ ಕೈ ತೊಳೆದುಕೊಂಡು, ಸೆರಗಿನಿಂದ ಒರೆಸಿ, ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು.

"ಇದು ರೋಟರ್ ಅಲ್ಲೇನ್ರಿ? ಹಳೆ ಫಿಯಾಟಿಂದು," ಎಂದಳು. "ಮ್ಯಾಲಿನ ಹಿತ್ತಾಳಿ ಒಂದೀಟೂ ಸುಟ್ಟಿಲ್ಲ. ಇಷ್ಟು ಛಲೋ ಇಟ್ಟಿದ್ದು ನಾ ಎಲ್ಲೂ ನೋಡಿಲ್ಲ."

ಬೇರೆ ಯಾರೇ ಆಗಿದ್ದರೂ ಈ ಹೊಗಳಿಕೆಗೆ ಕರಗುತ್ತಿದ್ದರು. ಜ್ಞಾನೇಶ್ವರನ ಕಣ್ಣುಗಳು ಮಾತ್ರ ಇನ್ನಷ್ಟು ಕಿರಿದಾದವು. ನೂಲಿನ ವ್ಯಾಪಾರಿಯ ಮಗಳಿಗೆ ರೋಟರಿನ ಗುರುತು ಹೇಗೆ? ಒಂದು ಜಾತಿಯವರಿಗೆ ಮಾತ್ರ ಅದು ಹೀಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅವನು ಜಿಗಿದು ಅವಳ ಕೈಯಿಂದ ಅದನ್ನು ಕಸಿದುಕೊಂಡ.

"ಕಾಕಾ, ಇಕಿ ನೂಲಿನವರ ಮಗಳಲ್ಲ! ಹಳೆ ಗಾಡಿ ಸಾಮಾನು ಕದಿಯೋ ಪೈಕಿ!"

ಗಿರಿಮಲ್ಲಪ್ಪ ಹಣೆ ಬಡಿದುಕೊಂಡ. "ಲೇ ಹುಚ್ಚಾ, ಇಕಿ ನಿನ್ನ ಕೊಲ್ಹಾಪುರ ಕ್ಲಬ್ಬಿನಾಕಿ!"

ಜ್ಞಾನೇಶ್ವರ ರೋಟರನ್ನು ಕಿಸೆಗೆ ಇಳಿಸಿದ.

"ಅವರಿಗೆ ನನ್ನ ಅಂಗಡಿ ನಂಬರ್ ಕೊಟ್ಟಿದ್ದೆಲ್ಲೋ, ಕಾಟಾದ ಮ್ಯಾಲೆ ಫೋನ್ ಎತ್ತಾಕ ಬರಂಗಿಲ್ಲ ಅಂತ?" ಗಿರಿಮಲ್ಲಪ್ಪನ ದನಿ ಅಳುವಿಗೆ ಹತ್ತಿರ ಬಂದಿತ್ತು. "ಅಲ್ಲಿಂದ ಫೋನ್ ಬಂತು. ಗಾಡಿ ಮನಿ ಮಂದಿ ಖರೇನ ವಾಪರಸ್ತಾರೇನು, ಬರೇ ನಿಲ್ಲಿಸಿ ಇಟ್ಟಾರೇನು ಅಂತ ಕೇಳಿದ್ರು. ನಾ ಹೇಳಿದೆ, ಎಳ್ಳಮಾಸಿಗೆ ಇಡೀ ಓಣಿ ಅದರಾಗs ಹೊಲಕ್ಕ ಹೋಗತೈತಿ, ಬಂದು ನೋಡ್ರಿ ಅಂತ. ಬರತೇವಿ, ಆದ್ರ ಮಾಲಕರಿಗೆ ಹೇಳಬ್ಯಾಡ್ರಿ ಅಂದ್ರು. ನಿನಗ ಚಹಾ ಕುಡಿಸಿದೆ, ಟ್ರ್ಯಾಕ್ಟರ್ ಮುಚ್ಚಿಟ್ಟೆ, ಸಂಧ್ಯಾಗ ಹೊಸಾ ಸೀರಿ ಉಡಿಸಿದೆ. ಎಲ್ಲಾ ಕ್ಲಬ್ಬಿನವರ ಫೋಟೋಕ್ಕ, ನಮ್ಮ ಓಣಿ ಗಾಡಿ ಆರಿಸಿ ಬರಲಿ ಅಂತ! ನೀ ನೋಡಿದ್ರ ಪಂಪಸೆಟ್ಟು ಅಂತೀ!"

ಮನೀಷಾ ಚೀಲದಿಂದ ಕ್ಲಬ್ಬಿನ ಗುರುತಿನ ಚೀಟಿ ತೆಗೆದು ಕೊಟ್ಟಳು. "ಭಾನುವಾರ ಅಂತ ಹೇಳಿ ನಾವು ಯಾವಾಗಲೂ ಮೊದಲs ಬರತೇವ್ರಿ. ಹೇಳಿದ ದಿನಾ ಬಂದ್ರ ಮಂದಿ ಬ್ಯಾರೇಯವರ ಸಾಮಾನು ತಂದು ಕೂಡಿಸಿರತಾರ. ಮುಂಜಾನೆ ನೀವು ಹೇಳಿದ್ದು ಎಲ್ಲಾ ಸುಳ್ಳು ಹೌದಿಲ್ರಿ? ನನಗೇನೂ ಸಿಟ್ಟಿಲ್ಲ. ಮನಿಗೆ ಹೋಗಿ ಒಮ್ಮೆ ಚಾಲೂ ಮಾಡ್ರಿ. ಎರಡು ಕಾರ್ಬೊರೇಟರ್ ಕೂಡಿ ಉಸಿರಾಡೂದು ಕೇಳಿ ಹೋಗತೇನಿ. ಮತ್ತೇನೂ ಬ್ಯಾಡ."

ಆ ಸದ್ದನ್ನು ಕೇಳಬೇಕೆಂದು ಜ್ಞಾನೇಶ್ವರನ ಜೀವಮಾನದಲ್ಲಿ ಯಾರೂ ಅಂದಿರಲಿಲ್ಲ. ಸಂಧ್ಯಾ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದಳು. ಅವನ ಬಾಯಿ ‘ಹೂಂ ರೀ’ ಎನ್ನಲು ತೆರೆದೇ ಬಿಟ್ಟಿತು.

ಅಷ್ಟರಲ್ಲಿ ಅವನ ದೃಷ್ಟಿ ಗಿರಿಮಲ್ಲಪ್ಪನ ಮೇಲೆ ಬಿದ್ದಿತು. ಗಿರಿಮಲ್ಲಪ್ಪ ಆಸೆಯಿಂದ ನಗುತ್ತಿದ್ದ. ಬಸವಕುಮಾರ ನಗುತ್ತಿದ್ದ. ಮಾದೇವಿಯೂ ನಗುತ್ತಿದ್ದಳು. ಇಷ್ಟೊಂದು ನಗುವನ್ನು ಅವನು ಕಲ್ಲಿಲ್ಲದ ಯಾವ ಟ್ರಾಲಿಯ ಮೇಲೂ ಕಂಡಿರಲಿಲ್ಲ. ಗಾಡಿ ಚಾಲೂ ಆಗುವುದೇ ತಡ, ಇವರೆಲ್ಲ ಬಾಗಿಲು ತೆಗೆದು ಒಳಗೆ ತುಂಬಿಕೊಳ್ಳುತ್ತಾರೆ. ಮುಂಜಾನೆ ಆಗದ ಮೋಸ ಸಂಜೆಗೆ ಆಗುತ್ತದೆ. ಎಲ್ಲಾ ಅವನಿಗೆ ನಿಚ್ಚಳವಾಯಿತು.

ಅವನು ಗುರುತಿನ ಚೀಟಿಯನ್ನು ಎರಡೂ ಬದಿ ನೋಡಿ ಹಿಂದಕ್ಕೆ ಕೊಟ್ಟ.

"ಇಂಥಾ ಚೀಟಿ ರಬಕವಿಯೊಳಗ ಮುಂಜಾನೆ ಹೇಳಿದ್ರ ಮಧ್ಯಾಹ್ನ ಛಾಪಿಸಿ ಕೊಡತಾರ, ತಂಗೀ," ಎಂದ. "ಖರೆ ಕ್ಲಬ್ಬಿನವರು ಭಾನುವಾರ ಬರತಾರ. ಅವರ ಮುಂದs ಚಾಲೂ ಮಾಡತೇನಿ."

"ಭಾನುವಾರ ನಾವು ಸಾಂಗಲಿಯೊಳಗ ಇರತೇವ್ರಿ. ಅಲ್ಲೆ ಒಂದು ಅಂಬಾಸಿಡರ್ ನೋಡೂದೈತಿ."

"ಹೋಗಿ ಬರ್ರಿ. ಅಂಬಾಸಿಡರ್ ಛಲೋ ಗಾಡಿ."

ಮನೀಷಾ ಚೀಟಿಯನ್ನು ಚೀಲದೊಳಗೆ ಹಾಕಿಕೊಂಡಳು. ಆಮೇಲೆ ಕೆಂಪವ್ವನಿಗೆ ಕಡುಬು ಬಹಳ ರುಚಿಯಾಗಿದ್ದವೆಂದು ಹೇಳಿ, ಬಸವಕುಮಾರ ಪಕ್ಕದ ಹೊಲದವರಿಂದ ಬೇಡಿ ತಂದ ಬೈಕಿನ ಹಿಂದೆ ಕೂತು ಬಸ್ ಸ್ಟ್ಯಾಂಡಿಗೆ ಹೋದಳು. ಗಿರಿಮಲ್ಲಪ್ಪ ತಿರುಗಿ ಊರು ಮುಟ್ಟುವವರೆಗೆ ಟ್ರಾಲಿಯಲ್ಲಿ ಒಂದೂ ಮಾತಾಡಲಿಲ್ಲ. ಸಂಧ್ಯಾಳೂ ಮಾತಾಡಲಿಲ್ಲ. ಅವರ ಉಪಾಯ ಬಯಲಾದದ್ದಕ್ಕೆ ನಾಚಿಕೆಯೆಂದು ಜ್ಞಾನೇಶ್ವರ ತಿಳಿದು, ದೊಡ್ಡ ಮನಸ್ಸು ಮಾಡಿ, ತಾನೂ ಸುಮ್ಮನಿದ್ದ.

ಭಾನುವಾರ ಬೆಳಗಾಗುತ್ತಲೇ ಅವನು ಗಾಡಿ ತೊಳೆದ. ರೋಟರ್ ಕೂಡಿಸಿ ಕೀಲಿ ತಿರುಗಿಸಿದ. ಎರಡೂ ಕಾರ್ಬೊರೇಟರುಗಳು ಒಂದೇ ಉಸಿರಿಗೆ ಗಾಳಿ ಎಳೆದು, ಓಣಿಯ ಮಗ್ಗಗಳ ಸದ್ದನ್ನೆಲ್ಲ ಅಡಗಿಸಿ, ಹಾಡಿದವು. ಅಷ್ಟು ಚೆನ್ನಾಗಿ ಅವು ಹಿಂದೆಂದೂ ಹಾಡಿರಲಿಲ್ಲ. ಜ್ಞಾನೇಶ್ವರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ರಬಕವಿಯಿಂದ ಬರುವ ರಸ್ತೆಯ ಕಡೆ ಮುಖ ಮಾಡಿ ಕೂತ.

ಯಾರೂ ಬರಲಿಲ್ಲ.